ನಿಂತುಕೊಳ್ಳುವುದೇ ಕಸುಬಾಗಿದ್ದ ಜಪಾನಮ್ಮ

ನಮ್ಮ ಮಹಡಿ ಮೇಲಿನ ಮನೆ ಈಗ ಖಾಲಿ ಇದೆ. ನೋಡಲು ಬಂದವರೆಲ್ಲ ನಲ್ಲಿ ತಿರುಗಿಸಿ, ಕಿಟಕಿ ಅಲ್ಲಾಡಿಸಿ, ಕೊನೆಗೊಂದು ಪ್ರಶ್ನೆ ಕೇಳುತ್ತಾರೆ.

"ಮೊದ್ಲು ಯಾರಿದ್ರು ಮೇಡಂ?"

"ಜಪಾನಿನವರು."

"ಓಹೋ! ಯಾವ ಕಂಪನೀಲಿ ಕೆಲ್ಸ?"

"ಕಂಪನಿ ಏನಿಲ್ಲ. ನಿಂತ್ಕೋತಿದ್ರು."

ಅವರು ನನ್ನ ಮುಖವನ್ನೊಮ್ಮೆ ನೋಡಿ, ಬಾಡಿಗೆ ಎಷ್ಟೆಂದೂ ಕೇಳದೆ ಮೆಟ್ಟಿಲಿಳಿದು ಹೋಗುತ್ತಾರೆ. ನೀನು ಹೀಗೆ ಮಾತಾಡುತ್ತಿದ್ದರೆ ಆ ಮನೆಗೆ ಪಾರಿವಾಳವೇ ಗತಿ ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಆದರೆ ನಾನು ಸುಳ್ಳು ಹೇಳಿದವಳಲ್ಲ. ಆಕೆ ಹರೆಯದುದ್ದಕ್ಕೂ ನಿಂತುಕೊಂಡೇ ಅನ್ನ ಸಂಪಾದಿಸಿದವರು. ಆ ಕಸುಬಿನಿಂದ ಅವರು ನಿವೃತ್ತರಾದದ್ದು ಪಾಂಡವಪುರದ ನಮ್ಮ ಬೀದಿಯಲ್ಲಿ. ಶಾಲಿಲ್ಲ, ಹಾರವಿಲ್ಲ, ಹಣ್ಣಿನ ಬುಟ್ಟಿ ಇಲ್ಲ, ಮೈಕಿನ ಮುಂದೆ ಎರಡು ಮಾತಾಡುವವರೂ ಇರಲಿಲ್ಲ. ಆ ಎರಡು ಮಾತನ್ನು ನಾನಾದರೂ ಆಡಬೇಕಲ್ಲ.

ಅವರ ಹೆಸರು ನಾಲಿಗೆಗೆ ತೊಡಕಿನದೇನೂ ಆಗಿರಲಿಲ್ಲ. ಆದರೆ ನಮ್ಮತ್ತೆ ಮೊದಲ ದಿನವೇ ನಾಮಕರಣ ಮಾಡಿಬಿಟ್ಟರು. "ಬೊಂಬಾಯಿಗೋಗಿ ಬಂದೋಳ್ನ ಬೊಂಬಾಯಮ್ಮ ಅನ್ನಕಿಲ್ವಾ? ಅಂಗೇ ಇವ್ಳು ಜಪಾನಮ್ಮ. ಬುಡು ಅತ್ಲಾಗೆ." ಆಕೆಯೂ ಒಪ್ಪಿಕೊಂಡರು. ಆಮೇಲೆ ಫೋನಿನಲ್ಲಿ ಗ್ಯಾಸಿನವರಿಗೆ ಕೂಡ "ನಾನು ಜಪಾನಮ್ಮ" ಎಂದೇ ಹೇಳುತ್ತಿದ್ದರು.

ಬಂದದ್ದು ಹೀಗೆ. ಬೆನ್ನು ನೋವಿಗೆಂದು ಮೈಸೂರಿಗೆ ಯೋಗ ಕಲಿಯಲು ಬಂದವರು, ಅಲ್ಲಿ ತರಗತಿಯ ತುಂಬ ತಮ್ಮ ದೇಶದವರೇ ಕಾಲೆತ್ತಿಕೊಂಡಿರುವುದನ್ನು ನೋಡಿ ಬೇಸತ್ತಿದ್ದರು. ಒಂದು ಭಾನುವಾರ ಬಸ್ಸು ಹತ್ತಿ ಬಂದು ಕುಂತಿ ಬೆಟ್ಟ ಏರಿ, ಇಳಿದು, ಬಾಯಾರಿ ನಮ್ಮ ಮನೆ ಮುಂದೆ ನಿಂತು ನೀರು ಕೇಳಿದರು. ವಯಸ್ಸು ಐವತ್ತರ ಆಚೀಚೆ. ಕಪ್ಪು ಪ್ಯಾಂಟು, ಅದರ ಮೇಲೊಂದು ಹಳದಿ ಲಂಗ, ಆ ಲಂಗದ ಮೇಲೆ ಇನ್ನೊಂದು ಚೌಕುಳಿ ಲಂಗ, ಒಂದು ಕಾಲಿಗೆ ಹಸಿರು ಕಾಲುಚೀಲ, ಇನ್ನೊಂದಕ್ಕೆ ಕೆಂಪು, ತಲೆಯ ಮೇಲೆ ಎಲೆಕೋಸಿನ ಗಾತ್ರದ ರಿಬ್ಬನ್ನು.

ಅತ್ತೆ ನೀರಿನ ಜೊತೆ ಬೆಲ್ಲದ ಚೂರು ಕೊಟ್ಟು, ತಲೆಯಿಂದ ಕಾಲಿನವರೆಗೆ ನೋಡಿ, ನನ್ನ ಕಡೆ ತಿರುಗಿದರು. "ಏನಮ್ಮಿ, ಪಾಪ, ಮನೆಗೇನಾರ ಬೆಂಕಿ ಬಿತ್ತಂತಾ? ಇದ್ಬದ್ದುದ್ನೆಲ್ಲ ಮೈಮೇಲಾಕ್ಕಂಡು ಓಡ್ಬಂದಂಗವ್ಳೆ!"

ಆದರೆ ಆಕೆಯೂ ಅತ್ತೆಯನ್ನೇ ನೋಡುತ್ತಿದ್ದರು. ಅತ್ತೆ ಆಗಷ್ಟೇ ಹುಲ್ಲು ಕೊಯ್ದುಕೊಂಡು ಬಂದಿದ್ದರು. ಎತ್ತಿ ಕಟ್ಟಿದ ಹೂವಿನ ಸೀರೆ, ಅದರ ಮೇಲೆ ಮಗನ ಹಳೆಯ ತುಂಬು ತೋಳಿನ ಗೆರೆ ಶರ್ಟು, ತಲೆಗೆ ಸುತ್ತಿದ ಟವೆಲ್ಲು, ಕಾಲಿಗೆ ಒಂದು ನೀಲಿ ಒಂದು ಬಿಳಿ ಹವಾಯಿ ಚಪ್ಪಲಿ. ಜಪಾನಮ್ಮ ಲೋಟ ಕೆಳಗಿಟ್ಟು, ಎರಡು ಕೈ ತೊಡೆಗೆ ಒತ್ತಿ, ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ತಮ್ಮ ಊರಿನ ಹುಡುಗಿಯರು ವರ್ಷಗಟ್ಟಲೆ ಕನ್ನಡಿ ಮುಂದೆ ಒದ್ದಾಡಿದರೂ ಬಾರದ ಕಳೆ ಈ ಅಜ್ಜಿಗೆ ಹುಲ್ಲು ಕೊಯ್ಯುವಾಗ ಬಂದಿದೆ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು. ನಾನು ಅದನ್ನು ಅತ್ತೆಗೆ ತಿಳಿಸಿದೆ. ಅತ್ತೆ ಟವೆಲ್ಲು ಸರಿಮಾಡಿಕೊಂಡು, "ಮೇಲ್ಗಡೆ ಮನೆ ಖಾಲಿ ಅದಲ್ಲ, ಇರಂಗಿದ್ರೆ ಇರು ಅನ್ನು," ಎಂದರು.

ಅವರ ಕಸುಬು ನಮಗೆ ತಿಳಿದದ್ದು ಕಂತುಕಂತಾಗಿ. ಟೋಕಿಯೋದಲ್ಲಿ ರೈಲ್ವೆ ಸ್ಟೇಷನ್ ಮಗ್ಗುಲಿಗೆ ಒಂದು ಬೀದಿಯಂತೆ. ರಜಾ ದಿನ ಬಂತೆಂದರೆ ಹುಡುಗ ಹುಡುಗಿಯರು ತೋಚಿದ್ದನ್ನು ತೊಟ್ಟು ಅಲ್ಲಿ ಸೇರುತ್ತಿದ್ದರಂತೆ. ಈಕೆ ಮೂಲಂಗಿ ಬೆಳೆಯುವ ರೈತನ ಮಗಳು, ಪಟ್ಟಣಕ್ಕೆ ಹೊಸಬಳು. ಬಟ್ಟೆ ಕೊಳ್ಳಲು ಕಾಸಿಲ್ಲದೆ ಬಾಡಿಗೆ ಕೋಣೆಯ ಕಿಟಕಿ ಪರದೆ ಬಿಚ್ಚಿ ಲಂಗ ಹೊಲಿದು, ಟೀ ಸೋಸುವ ಜಾಲರಿಯನ್ನು ಕೂದಲಿಗೆ ಸಿಕ್ಕಿಸಿಕೊಂಡು ಹೋಗಿ ನಿಂತರಂತೆ. ಕ್ಯಾಮೆರಾದವನೊಬ್ಬ ತಡೆದು, ಅನುಮತಿ ಕೇಳಿ, ಒಂದು ಫೋಟೋ ತೆಗೆದ. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದಿನ ತಿಂಗಳು ಆ ಬೀದಿಯಲ್ಲಿ ಎಷ್ಟೋ ಹುಡುಗಿಯರ ತಲೆಯಲ್ಲಿ ಟೀ ಸೋಸುವ ಜಾಲರಿ.

"ಅಂಗಾರೆ ಟೀ ಎಂಗ್ ಸೋಸ್ತಿದ್ರು?" ಎಂದರು ಅತ್ತೆ. ಇಡೀ ಕಥೆಯಲ್ಲಿ ಅವರಿಗೆ ಹತ್ತಿದ ಚಿಂತೆ ಅದೊಂದೇ.

ಆಮೇಲೆ ಅಂಗಡಿಯವರು ತಮ್ಮ ಬಟ್ಟೆ ಹಾಕಿಕೊಂಡು ಅದೇ ಬೀದಿಯಲ್ಲಿ ನಿಲ್ಲಲು ಇವರನ್ನು ಕರೆದರು. ವೇದಿಕೆಯ ಮೇಲೆ ಸೊಂಟ ಬಳುಕಿಸಿ ನಡೆಯುವವರು ಬೇರೆ, ತಾನು ಬೀದಿಯಲ್ಲಿ ನಿಲ್ಲುವವಳು ಎಂದು ಆಕೆ ಬೆರಳಾಡಿಸಿ ತಿದ್ದುತ್ತಿದ್ದರು.

"ನಿಂತ್ಕಳದ್ಕೂ ದುಡ್ಡು ಕೊಡ್ತಾರಾ?" ಅತ್ತೆಗೆ ನಂಬಿಕೆ ಬರಲಿಲ್ಲ. "ರೇಷನ್ ಅಂಗ್ಡಿ ಮುಂದೆ ನಾನ್ ನಿಂತಿರೋದ್ಕೆ ಯಾರಾರ ಕೊಟ್ಟಿದ್ರೆ ಈಟೊತ್ಗೆ ಬಂಗ್ಲೆ ಕಟ್ಟಿಸ್ಬುಡ್ತಿದ್ದೆ."

"ಸುಮ್ಕೆ ನಿಂತ್ರೆ ಇಲ್ಲ ಅಜ್ಜಿ. ಇಂಗ್ ನಿಂತ್ಕಬೇಕು," ಎಂದು ಜಪಾನಮ್ಮ ಅಂಗಳದಲ್ಲಿ ನಿಂತು ತೋರಿಸಿದರು. ಕಾಲ್ಬೆರಳು ಒಂದಿಷ್ಟು ಒಳಕ್ಕೆ, ಎರಡು ಕೈಯಲ್ಲೂ ಹಿಡಿದ ಚೀಲ ಮುಂದಕ್ಕೆ, ಮುಖದಲ್ಲಿ ಕರೆಂಟು ಹೋದರೂ ಬಂದರೂ ತನಗೇನೂ ಇಲ್ಲವೆಂಬ ಭಾವ. ಆ ಕ್ಷಣ ನಮ್ಮ ತೆಂಗಿನ ಮಟ್ಟೆ, ಬಟ್ಟೆ ಒಗೆಯುವ ಕಲ್ಲು, ಕಟ್ಟಿಹಾಕಿದ ಕರು ಎಲ್ಲ ಆಕೆಗೆಂದೇ ಜೋಡಿಸಿಟ್ಟವು ಅನ್ನಿಸಿತು. ಅತ್ತೆ ಪೊರಕೆ ಹಿಡಿದು ಪಕ್ಕದಲ್ಲಿ ನಿಂತು ಹಾಗೇ ಮಾಡಲು ಹೋಗಿ, ಕಾಲ್ಬೆರಳು ಒಳಕ್ಕೆ ತಿರುಗದೆ, ಸಂಜೆಯವರೆಗೂ ಮಂಡಿ ತಿಕ್ಕಿಕೊಂಡರು.

ಕನ್ನಡ ಕಲಿತದ್ದು ಅತ್ತೆಯಿಂದ. ಅದೇ ಆದ ಎಡವಟ್ಟು. ನಡವಳಿಕೆ ಜಪಾನಿನದು, ಮಾತು ನಮ್ಮತ್ತೆಯದು. ಪಾರ್ಸಲ್ಲು ತಂದ ಅಂಚೆಯಣ್ಣನಿಗೆ ಸೊಂಟದವರೆಗೆ ಬಾಗಿ ನಮಸ್ಕಾರ ಮಾಡಿ, "ಎಲ್ಲಾಳಾಗೋಗಿದ್ಯಲಾ ಇಷ್ಟ್ ದಿನ?" ಎಂದು ಬಹಳ ಮೃದುವಾಗಿ ಕೇಳಿದರು. ಅಂಚೆಯಣ್ಣ ಬಾಯಿಗೆ ಸಿಟ್ಟಾಗುವುದೋ ಬೆನ್ನಿಗೆ ಮರ್ಯಾದೆ ಕೊಡುವುದೋ ತಿಳಿಯದೆ ಒಂದು ಗಳಿಗೆ ನಿಂತ. ಕೊನೆಗೆ ಅವನೂ ಬಾಗಿದ. ಆ ಮೇಲೆ ಅವರಿಬ್ಬರಿಗೂ ಅದೇ ರೂಢಿಯಾಯಿತು.

ಅವರನ್ನು ಕರೆದುಕೊಂಡು ಎಲ್ಲಿಗಾದರೂ ಹೋಗುವುದೆಂದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಕಿಕ್ಕೇರಿಯಲ್ಲಿ ನಮ್ಮ ನೆಂಟರ ಮದುವೆ ಇತ್ತು. ಕೃಷ್ಣರಾಜಪೇಟೆ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಒಬ್ಬ ಯಜಮಾನ ಕೂತಿದ್ದ. ತಲೆಗೆ ಮಂಕಿ ಟೋಪಿ, ಮೈಗೆ ಸ್ವೆಟರು, ಕೆಳಗೆ ಎತ್ತಿ ಕಟ್ಟಿದ ಲುಂಗಿ, ಅದರಡಿಯಿಂದ ಇಣುಕುವ ಪಟ್ಟಾಪಟ್ಟಿ ಚಡ್ಡಿ, ಬೆನ್ನಿಗೆ ಮೊಮ್ಮಗಳ ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗು. ಜಪಾನಮ್ಮ ನನ್ನ ಕೈ ಬಿಡಿಸಿಕೊಂಡು ಓಡಿದರು. ನಾನು ತಲುಪುವಷ್ಟರಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದಾಗಿತ್ತು.

"ಇದ್ಯಾವ್ ಯೋಜ್ನೆ ಮೇಡಂ?" ಎಂದು ಯಜಮಾನ ನನ್ನನ್ನು ಕೇಳಿದ. "ಯಾವಾಗಿಂದ ಬತ್ತದೆ?"

"ಯೋಜ್ನೆ ಅಲ್ಲ ಅಣ್ಣ, ನೀವು ಚೆನ್ನಾಗಿ ಕಾಣ್ತೀರಂತೆ, ಅದಕ್ಕೆ."

ಅವನು ನನ್ನನ್ನು ನಂಬಲಿಲ್ಲ. "ನಮ್ಮೂರಲ್ಲಿ ನನ್ನಂಗೇ ಇನ್ನೂ ಬಾಳ ಜನ ಅವ್ರೆ, ಅವ್ರ ಎಸ್ರೂ ಸೇರುಸ್ಕಳಿ," ಎಂದು ಬಸ್ಸಿನ ಕಿಟಕಿಯವರೆಗೂ ಬಂದ.

ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, ಆ ಕಸುಬು ಬಿಟ್ಟದ್ದೇಕೆ ಎಂದು ಕೇಳಿದೆ. ತಾನು ಬಿಡಲಿಲ್ಲ ಎಂದರು. ವಯಸ್ಸಾಯಿತು, ಹೊಸ ಹುಡುಗಿಯರು ಬಂದರು. ಆಮೇಲೆ ಆ ಹುಡುಗಿಯರೂ ತೋಚಿದ್ದು ತೊಡುವುದನ್ನು ಬಿಟ್ಟು ಎಲ್ಲರೂ ಒಂದೇ ಥರದ ಬೂದು ಅಂಗಿ ಹಾಕತೊಡಗಿದರು. ಫೋಟೋ ತೆಗೆಯಲು ಯಾರೂ ಸಿಗುತ್ತಿಲ್ಲವೆಂದು ಪತ್ರಿಕೆಯೇ ಮುಚ್ಚಿತು. ಇನ್ನು ಬರಬೇಡ ಎಂದು ಇವರಿಗೆ ಯಾರೂ ಹೇಳಲಿಲ್ಲ. ಕರೆಯುವುದು ತಪ್ಪಿತು, ಅಷ್ಟೆ.

"ಮದ್ಲ್ನೇ ಫೋಟೋ ಯಾವ್ದು ಅಂತ ನಂಗೊತ್ತು ಅಕ್ಕ. ಕೊನೇದು ಯಾವ್ದು ಅಂತ ಗೊತ್ತಿಲ್ಲ. ಇದೇ ಕೊನೇದು ಅಂತ ಯಾರಾರ ಏಳಿದ್ರೆ ಇನ್ನೂ ಚೆಂದಾಗ್ ನಿಂತ್ಕತಿದ್ದೆ."

ಹೀಗೆಂದು ಒಂದು ಕಾಯಿ ಬಿಡಿಸಿದರು. ಅದರಲ್ಲಿ ಹುಳ ಇತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಅಂಗಳಕ್ಕೆ ಬಿಟ್ಟು ಇನ್ನೊಂದು ಕಾಯಿ ತೆಗೆದುಕೊಂಡರು.

ಅದಕ್ಕೇ, ಟೀ ಜಾಲರಿಯ ಫೋಟೋ ತೆಗೆದಿದ್ದ ಆ ಕ್ಯಾಮೆರಾದವನಿಂದ ಫೋನು ಬಂದಾಗ ಮಹಡಿಯ ಮೇಲಿಂದ ಧಡಧಡ ಇಳಿದು ಬಂದು ನನ್ನ ತೋಳು ಹಿಡಿದುಕೊಂಡರು. ಅವನಿಗೆ ಈಗ ಎಪ್ಪತ್ತು ದಾಟಿದೆ. ಹಿಂದೆ ತಾನು ಫೋಟೋ ತೆಗೆದವರು ಎಲ್ಲೆಲ್ಲಿದ್ದಾರೋ ಅಲ್ಲಿಗೇ ಹೋಗಿ, ಅವರು ಈಗ ಬದುಕುವ ಬೀದಿಯಲ್ಲಿ ನಿಲ್ಲಿಸಿ, ಇನ್ನೊಮ್ಮೆ ತೆಗೆಯುತ್ತಿದ್ದಾನಂತೆ. ಗೌರಿ ಹಬ್ಬದ ಮಾರನೆಯ ಬೆಳಿಗ್ಗೆ ಪಾಂಡವಪುರಕ್ಕೆ ಬರುತ್ತಾನೆ.

"ಒಂದೇ ಫೋಟೋ ಅಕ್ಕ. ಅದೇ ಕೊನೇದು. ಈ ಸಲ ನಂಗೊತ್ತು!"

ಅಂದಿನಿಂದ ಮಹಡಿಯಲ್ಲಿ ನನ್ನ ಹಳೆಯ ಹೊಲಿಗೆ ಯಂತ್ರ ಸದ್ದು ಮಾಡತೊಡಗಿತು. ಏನು ಹೊಲಿಯುತ್ತಿದ್ದೀರಿ ಎಂದರೆ ಬಾಗಿಲು ಮರೆಮಾಡಿ ನಿಲ್ಲುತ್ತಿದ್ದರು. ಆಗಲೇ ಒಳಗೆ ನುಗ್ಗಿ ನೋಡಿದ್ದರೆ ಅನಾಹುತ ತಪ್ಪುತ್ತಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳು ಯಾರ ಮನೆಗೆ ಕುಂಕುಮಕ್ಕೆ ಹೋದರೂ ಎಲೆ ಅಡಿಕೆ ತೆಂಗಿನಕಾಯಿ ಜೊತೆ ಒಂದು ರವಿಕೆ ಕಣ ಕೊಡುತ್ತಾರೆ. ಕಣವೆಂದರೆ ಒಂದು ರವಿಕೆಗೆ ಆಗುವಷ್ಟು ಬಟ್ಟೆ. ಆಗುವಷ್ಟು ಎಂಬುದು ಹೆಸರಿಗೆ ಮಾತ್ರ, ಅದರಲ್ಲಿ ರವಿಕೆ ಹೊಲಿಸಿದವರನ್ನು ನಾನು ಕಂಡಿಲ್ಲ. ಬಂದ ಕಣ ಬೀರುವಿಗೆ ಹೋಗುತ್ತದೆ, ಅಲ್ಲಿಂದ ಯಾರದೋ ಸೀಮಂತಕ್ಕೆ, ಅಲ್ಲಿಂದ ಇನ್ಯಾರದೋ ಗೃಹಪ್ರವೇಶಕ್ಕೆ. ನಮ್ಮ ಬೀದಿಯಿಂದ ಹೊರಟು ನಾಗಮಂಗಲದಲ್ಲಿ ಎರಡು ಮನೆ ಸುತ್ತಿ, ಶ್ರೀರಂಗಪಟ್ಟಣದ ಮೇಲೆ ವಾಪಸು ಬಂದ ಕಣಗಳಿವೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಿಯಮ ಒಂದೇ, ಕೊಟ್ಟವರಿಗೇ ತಿರುಗಿ ಕೊಡಬಾರದು.

ಜಪಾನಮ್ಮ ಬಂದ ಮೇಲೆ ಅವರನ್ನು ಕುಂಕುಮಕ್ಕೆ ಕರೆಯದ ಮನೆಯಿಲ್ಲ. ಕರೆದವರೆಲ್ಲ ಒಂದೊಂದು ಕಣ ಕೊಟ್ಟರು. ಈಕೆಯಿಂದ ಅದು ಮುಂದೆ ಸಾಗಬೇಕೆಂದು ಹೇಳಲು ಯಾರಿಗೂ ಹೊಳೆಯಲಿಲ್ಲ. ಉಸಿರಾಡುವುದನ್ನು ಯಾರು ಹೇಳಿಕೊಡುತ್ತಾರೆ?

ಗೌರಿ ಹಬ್ಬದ ಸಂಜೆ ಪಕ್ಕದ ಮನೆ ಸರೋಜಳಲ್ಲಿ ಕುಂಕುಮ. ಸರೋಜ ಚಿನಕುರಳಿಯಿಂದ ಬಂದ ಸೊಸೆ, ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಕಿರಿಯಳು. ಎದುರು ಮನೆಯ ಜಯಮ್ಮ ಆಗಲೇ ಬಂದು ಕೂತಿದ್ದರು. ಹೋದ ವರ್ಷ ಕಾಶಿಗೆ ಹೋಗಿ ಬಂದವರು ಜಯಮ್ಮ. ಈ ವರ್ಷವೂ ಅದರಿಂದ ಪೂರ್ತಿ ವಾಪಸು ಬಂದಿರಲಿಲ್ಲ. ಹೀಗೆ ನಾವೆಲ್ಲ ಸೇರಿದ್ದಾಗ ಜಪಾನಮ್ಮ ತಮ್ಮ ಹೊಸ ಫ್ರಾಕು ತೊಟ್ಟು ಒಳಗೆ ಬಂದರು.

ಬೀದಿಯ ಕಣಗಳಷ್ಟೂ ಅದರಲ್ಲಿದ್ದವು. ಕುಂಬಳಕಾಯಿಯಂತೆ ಉಬ್ಬಿದ ತೋಳುಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಲಂಗ, ಎದೆಯ ಮೇಲೆ ಜರಿಯ ಕಿತ್ತಳೆ. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಬಟ್ಟೆಯನ್ನು ನಾನು ಆಮೇಲೆ ನೋಡಿಲ್ಲ. ಕುಂಕುಮ ಇಡಲು ಎತ್ತಿದ ಜಯಮ್ಮನ ಕೈ ಅಲ್ಲೇ ನಿಂತಿತು.

"ದೊಡ್ಡಕ್ಕ," ಎಂದರು ಅತ್ತೆಗೆ, "ಈ ಕಿತ್ತಳೆ, ನಾನು ಕಾಸಿಯಿಂದ ತಂದು ನಿಮಗ್ ಕೊಟ್ಟಿದ್ದಲ್ವಾ? ಇಸ್ವನಾಥ್ನ ಪಾದಕ್ಕೆ ಮುಟ್ಟುಸ್ಕಂಡ್ ಬಂದಿದ್ದೆ. ಇವ್ಳ ಎದೆ ಮೇಲೆ ಎಂಗ್ ಬಂತು?"

"ನಾನೇನ್ ಬೀದೀಗ್ ಬಿಸಾಕಿದ್ನಾ? ಸರೋಜನ್ ಸೀಮಂತಕ್ಕೆ ಕೊಟ್ಟೆ. ಅವ್ಳೇನ್ ಮಾಡುದ್ಲೋ ಅವ್ಳ್ನೇ ಕೇಳು."

"ನನ್ನ ಯಾಕ್ ಮಧ್ಯಕ್ ತತ್ತೀರಿ ಅತ್ತೆ?" ಎಂದಳು ಸರೋಜ. "ಜಪಾನಮ್ಮ ಮದ್ಲ್ನೇ ಸಲ ಬಂದಿದ್ರು, ಇರೋದ್ರಲ್ಲಿ ಒಳ್ಳೇದ್ನ ಕೊಟ್ಟೆ. ತಪ್ಪಾ?"

ಅಷ್ಟರಲ್ಲಿ ಅತ್ತೆಯ ಕಣ್ಣು ಎಡತೋಳಿನ ಮೇಲೆ ಬಿದ್ದಿತ್ತು. "ಇರು ಇರು ಜಯಮ್ಮ. ಈ ಗಿಣಿ ಅಸ್ರು, ನಿನ್ ಮೊಮ್ಮಗೂನ್ ನಾಮಕರಣಕ್ಕೆ ನಾನ್ ಕೊಟ್ಟಿದ್ದಲ್ವಾ? ಇದೆಂಗೆ ಇಲ್ ನೇತಾಡ್ತಾ ಅದೆ?"

ಅಷ್ಟು ಹೊತ್ತಿಗೆ ಉಳಿದ ಹೆಂಗಸರೂ ಎದ್ದು ಸುತ್ತುಗಟ್ಟಿದರು. "ವಸಿ ತಿರುಗವ್ವ!" ಎಂದರು. ಮೆಚ್ಚಿಕೊಂಡೇ ಕೇಳುತ್ತಿದ್ದಾರೆಂದು ಜಪಾನಮ್ಮ ಕಸುಬುದಾರಿಕೆಯಿಂದ ನಿಧಾನವಾಗಿ ತಿರುಗಿದರು. ತಿರುಗಿದಂತೆಲ್ಲ ಒಂದೊಂದು ಜಗಳ ಹುಟ್ಟಿತು. ಬೆನ್ನಿನ ಮೇಲೆ ಒಂದು ಜಗಳ, ಸೊಂಟದಲ್ಲಿ ಒಂದು, ಅಂಚಿನಲ್ಲಿ ಅತ್ತಿಗೆ ನಾದಿನಿಯರದು ಒಂದು. ಎಷ್ಟೋ ವರ್ಷದಿಂದ ಬೀರುಗಳಲ್ಲಿ ಮಡಚಿಟ್ಟಿದ್ದ ಗುಟ್ಟೆಲ್ಲ ಒಂದೇ ಮೈಮೇಲೆ ಬಂದು ನಿಂತಿತ್ತು. ಜಯಮ್ಮ ಎಲೆ ಅಡಿಕೆ ತೆಗೆದುಕೊಳ್ಳದೆ ಎದ್ದು ಹೋದರು. ಹಬ್ಬದ ದಿನ ಅದು ಸಣ್ಣ ಮಾತಲ್ಲ. ಸರೋಜ ಅಡುಗೆಮನೆಗೆ ಹೋಗಿ ಅತ್ತಳು.

ಮೆಟ್ಟಿಲ ಮೇಲೆ ಜಪಾನಮ್ಮ ನನ್ನನ್ನು ತಡೆದು ಏನಾಯಿತೆಂದು ಕೇಳಿದರು. ಕಣ ಮನೆಯಿಂದ ಮನೆಗೆ ಸಾಗುವ ಗುಟ್ಟು ಹೇಳಿದೆ. ಅವರ ಮುಖ ಬಾಡಿತು. "ಎಲ್ರ ಮರ್ವಾದೇನೂ ನಾನ್ ಕಳ್ದ್ಬುಟ್ನಾ ಅಕ್ಕ?" ಎಂದು ಮೇಲೆ ಹೋದರು.

ಕಾಫಿ ತೆಗೆದುಕೊಂಡು ಹಿಂದೆಯೇ ಹೋದೆ. ನೆಲದ ಮೇಲೆ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದರು. ಎದೆಯ ಕಿತ್ತಳೆ ಆಗಲೇ ಬಿಚ್ಚಿಯಾಗಿತ್ತು, ಎಡತೋಳು ಅರ್ಧ. ಪಕ್ಕದಲ್ಲಿ ವೀಳ್ಯದೆಲೆ ಜೋಡಿಸಿಟ್ಟಿದ್ದರು, ಒಬ್ಬೊಬ್ಬರಿಗೂ ಅವರವರ ಕಣ ವಾಪಸು ಕೊಡಲು.

"ಅಯ್ಯೋ, ನಾಳೆ ಫೋಟೋಗೆ?"

"ಬ್ಯಾರೆ ಬಟ್ಟೆ ಅದೆ ಅಕ್ಕ. ಜಪಾನಿಂದು." ಇನ್ನೊಂದು ದಾರ ಕೊಯ್ದು, "ನಿಂತ್ಕಳದು ಮಾತ್ರ ಇಲ್ಲಿ," ಎಂದರು. ಬ್ಲೇಡು ನಿಲ್ಲಲಿಲ್ಲ.

ಕೆಳಗಿಳಿದು ಅತ್ತೆಗೆ ಹೇಳಿದೆ. ಮಂಡಿನೋವು ಬಂದ ಮೇಲೆ ಮಹಡಿ ಹತ್ತದಿದ್ದ ನಮ್ಮತ್ತೆ ಅಡ್ಡಡ್ಡಲಾಗಿ, ಮೆಟ್ಟಿಲಿಗೊಂದು ಬೈಗುಳದಂತೆ, ಮೇಲೆ ಹೋದರು. ಬಿಚ್ಚಿದ ಬಟ್ಟೆ ನೋಡಿ ಹಣೆ ಬಡಿದುಕೊಂಡರು. "ಕೊಟ್ಟೋರಿಗೇ ತಿರುಗಿ ಕೊಟ್ಟೀಯಾ? ಕೊಡಬಾರ್ದು ಕಣಮ್ಮಿ, ಅದ್ಕಿಂತ ಅವಮಾನ ಇನ್ನೊಂದಿಲ್ಲ!" ಆಮೇಲೆ ಏನನ್ನಿಸಿತೋ, ಕಿತ್ತಳೆ ಕಣವನ್ನು ಬಲ್ಬಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದರು. ನೋಡಿದವರೇ ಬಾಲ್ಕನಿಗೆ ಹೋಗಿ ಎದುರು ಮನೆಗೆ ಕೇಳುವಂತೆ ಕೂಗಿದರು. "ಲೇ ಜಯಮ್ಮ! ನಿನ್ ಕಾಸಿ ಕಣ ಬಿಚ್ಚಾಕವ್ಳೆ, ಬಂದ್ ತಕಂಡೋಗು!"

ಜಯಮ್ಮ ಬಿಗಿದ ಮುಖದಲ್ಲೇ ಬಂದರು. ಅತ್ತೆ ಕಣದ ಅಂಚನ್ನು ಅವರ ಮೂಗಿನ ಕೆಳಗೆ ಹಿಡಿದರು. ಮೊದಲು ಯಾರೂ ಬಿಚ್ಚದ ಮಡಿಕೆಯಲ್ಲಿ, ಆಮೇಲೆ ಹೊಲಿಗೆಯೊಳಗೆ ಇಷ್ಟು ದಿನ ಮರೆಯಾಗಿದ್ದ ಅಂಗಡಿಯ ನೀಲಿ ಮುದ್ರೆ ಈಗ ಹೊರಗೆ ಕಾಣುತ್ತಿತ್ತು.

"ಕಾಸಿ ಇಸ್ವನಾಥ ಯಾವಾಗ್ ಬಂದ್ನಮ್ಮಿ ಕೆ.ಆರ್. ಪೇಟೆಗೆ?"

ಜಯಮ್ಮ ಮುದ್ರೆ ಓದಿದರು. ಮೆಲ್ಲಗೆ ನೆಲದ ಮೇಲೆ ಕೂತರು. "ಅಲ್ಲೇನ್ ರಶ್ಶು ಕಣಕ್ಕ! ನಮ್ ಗುಂಪ್ನೋರು ಅಂಗ್ಡಿ ಕಡೀಕೆ ತಲೆ ಆಕಕ್ಕೇ ಬುಡ್ಲಿಲ್ಲ. ಬರೇ ಗಂಗೆ ನೀರ್ ತಕಂಡ್ ಬಂದಿದ್ರೆ ನೀವು ಸುಮ್ಕಿರ್ತಿದ್ರಾ? ನಮ್ ತಂಗಿ ಮನೆಗೆ ಓದಾಗ ಪೇಟೇಲಿ ತಕಂಡೆ."

"ಪಾದಕ್ಕೆ ಮುಟ್ಟುಸ್ದೆ ಅಂದ್ಯಲ್ಲ?"

"ನಮ್ಮನೆ ಫೋಟಕ್ ಮುಟ್ಟುಸ್ದೆ. ಅಲ್ಲಿರೋನೂ ಅವ್ನೇ ತಾನೆ?"

ಅತ್ತೆ ನಗಲಾರಂಭಿಸಿದವರು ಮಂಡಿ ಹಿಡಿದುಕೊಂಡು ಕೆಮ್ಮುವವರೆಗೂ ನಕ್ಕರು. ಜಯಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ಕೇಳಿ ಸರೋಜ ಅತ್ತ ಕಣ್ಣಲ್ಲೇ ಓಡಿಬಂದಳು. ಜಪಾನಮ್ಮ ಮಾತ್ರ ಬ್ಲೇಡು ಹಿಡಿದು, ಇದು ಜಗಳದ ಮುಂದಿನ ಭಾಗವೋ ಎಂಬಂತೆ ನಮ್ಮನ್ನೇ ನೋಡುತ್ತಿದ್ದರು. ಜಯಮ್ಮ ಅವರ ಕೈಯಿಂದ ಬ್ಲೇಡು ಕಿತ್ತುಕೊಂಡು ಯಂತ್ರದ ಮುಂದೆ ಕೂತರು.

"ತಾ ಇಲ್ಲಿ, ನಾನ್ ಒಲ್ಕೊಡ್ತೀನಿ. ಕಿತ್ತಳೆ ಎದೆ ಮೇಲೇ ಇರ್ಬೇಕು ಮತ್ತೆ. ಮೂಲೇಗ್ ಆಕಂಗಿಲ್ಲ!"

ಬೆಳಿಗ್ಗೆ ಕ್ಯಾಮೆರಾದವನು ಬಂದ. ಒಣಕಲು ಮುದುಕ, ಬಿಳಿ ಜುಟ್ಟು, ಕೊರಳಲ್ಲಿ ಕ್ಯಾಮೆರಾ. ಇಬ್ಬರೂ ಬಾಗಿದರು, ಎದ್ದರು, ಮತ್ತೆ ಬಾಗಿದರು. ಎದುರು ಸಾಲಿನ ಗೋಡೆಯ ಮೇಲೆ ಯಾವುದೋ ಗೊಬ್ಬರದ ಜಾಹೀರಾತು ಮಾಸಿಹೋಗಿತ್ತು. ಅದರ ಮುಂದೆಯೇ ನಿಲ್ಲುವುದೆಂದು ಆಯಿತು. ಬೀದಿಗೆ ಬೀದಿಯೇ ಬಂದು ಸೇರಿತು. ಅಂಚೆಯಣ್ಣ ಸೈಕಲ್ಲಿನಿಂದ ಇಳಿದ.

ಆ ಕಸುಬಿನಲ್ಲಿ ಒಂದು ರಿವಾಜಿದೆ ಎಂಬುದು ನಮಗೆ ತಿಳಿದದ್ದು ಆಗ. ತೆಗೆಯುವ ಮೊದಲು ಮೈಮೇಲಿನ ಒಂದೊಂದು ವಸ್ತುವೂ ಎಲ್ಲಿಯದೆಂದು ಕೇಳುತ್ತಾರೆ. ಅದನ್ನು ಫೋಟೋದ ಕೆಳಗೆ ಅಚ್ಚು ಹಾಕುತ್ತಾರೆ. ತಿಪ್ಪೆಯಿಂದ ಎತ್ತಿಕೊಂಡದ್ದಾದರೂ ತಿಪ್ಪೆ ಎಂದೇ ಹೇಳಬೇಕು, ಸುಳ್ಳು ಹೇಳಿದವರನ್ನು ಆ ಬೀದಿಯಲ್ಲಿ ಯಾರೂ ಮಾತಾಡಿಸುವುದಿಲ್ಲವಂತೆ. ಮುದುಕ ಬೆರಳು ತೋರಿಸುತ್ತ ಹೋದ, ಜಪಾನಮ್ಮ ಹೇಳುತ್ತ ಹೋದರು. ಭಾಷೆ ಅವರದು, ಊರ ಹೆಸರು ನಮ್ಮವು. ಪಾಂಡವಪುರ. ಚಿನಕುರಳಿ. ನಾಗಮಂಗಲ. ಒಂದೊಂದು ಹೆಸರಿಗೂ ಜನ ತಲೆಯಾಡಿಸಿದರು.

ಬೆರಳು ಕಿತ್ತಳೆಯ ಮೇಲೆ ಬಂತು. ಜಯಮ್ಮ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯುತ್ತಿದ್ದರು.

"ಕಾಶಿ," ಎಂದರು ಜಪಾನಮ್ಮ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

ಮುದುಕ ಬರೆದುಕೊಂಡ. ಜಯಮ್ಮ ಸೆರಗು ಬಿಟ್ಟು ನನ್ನ ಕೈ ಹಿಡಿದರು, ಬಳೆ ಒಡೆಯುವಷ್ಟು ಗಟ್ಟಿಯಾಗಿ.

ಆಮೇಲೆ ಆಕೆ ನಿಂತರು. ಎಷ್ಟೋ ಸಲ ನಮ್ಮ ಅಂಗಳದಲ್ಲಿ ಆಟಕ್ಕೆ ನಿಂತದ್ದನ್ನು ಕಂಡಿದ್ದೆ, ಇದು ಅದಲ್ಲ. ಮುದುಕ ಕ್ಯಾಮೆರಾಕ್ಕೆ ಕಣ್ಣಿಟ್ಟ, ಕಾದ, ಇನ್ನೂ ಕಾದ. "ಬಿರ್ನೆ ತೆಗೀಲವ್ವ, ಅನ್ನಕ್ಕಿಟ್ ಬಂದಿವ್ನಿ," ಎಂದು ಅತ್ತೆ ಪಿಸುಗುಟ್ಟಿದರು. ಯಾರೂ ನಗಲಿಲ್ಲ. ಹಿಂದೆ ಬಂದು ನಿಂತ ಟ್ರಾಕ್ಟರಿನವನು ಹಾರನ್ನು ಒತ್ತಲಿಲ್ಲ, ಎಂಜಿನ್ನನ್ನೇ ಆರಿಸಿದ.

ಕ್ಲಿಕ್ ಎಂದಿತು.

ಮುದುಕ ಕಣ್ಣು ತೆಗೆಯದೆ ಒಂದು ಬೆರಳೆತ್ತಿದ, ಇನ್ನೊಂದು ಇರಲಿ ಎಂದು. ಜಪಾನಮ್ಮ ಕಾಲ್ಬೆರಳು ಸಡಿಲಿಸಿ, ಭುಜ ಇಳಿಸಿ, ಗೋಡೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು.

"ಆಯ್ತು ಬುಡಿ," ಎಂದರು.

ಅವನಿಗೆ ಕನ್ನಡ ಬಾರದು. ಆದರೂ ಬೆರಳಿಳಿಸಿ, ಜೇಬಿನಿಂದ ಮುಚ್ಚಳ ತೆಗೆದು, ಕ್ಯಾಮೆರಾದ ಕಣ್ಣು ಮುಚ್ಚಿದ.